ಗ್ಯಾಸ್ ಪೈಪಿನಲ್ಲಿ ನೀರು ಎಲ್ಲಿ ಕೂರುತ್ತದೆ? ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕುವ ಬಗೆ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಪುಣೆಯಿಂದ ಅಕ್ಕನ ಮಗನ ಫೋನ್ ಬಂತು. ಧಾರವಾಡದಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗ. ಪೈಪ್‌ಲೈನ್ ಡಿಸೈನ್ ಮಾಡುವ ಆಫೀಸು ಸೇರಿ ಆರು ತಿಂಗಳಾಗಿತ್ತು.

"ಮಾಮಾ, ಗ್ಯಾಸ್ ಕಡಿಮಿ ಮಾಡಿದ್ರ ಪ್ರೆಶರ್ ಡ್ರಾಪ್ ಜಾಸ್ತಿ ಆಗಾಕತ್ತೈತಿ. ಸಾಫ್ಟ್‌ವೇರ್ ಕೆಟ್ಟೈತೇನೋ ಅನಸ್ತೈತಿ."

"ಕೆಟ್ಟಿಲ್ಲಪಾ," ಅಂದೆ. "ಪೈಪಿನ್ಯಾಗ ನೀರು ಕೂತೈತಿ, ಅಷ್ಟ."

ಅವನಿಗೆ ನಂಬಿಕೆ ಬರಲಿಲ್ಲ. ಕಾಲೇಜಿನಲ್ಲಿ ಎಲ್ಲರೂ ಕಲಿಯುವುದು ಒಂದೇ: ವೇಗ ಇಳಿದರೆ ಘರ್ಷಣೆ ಇಳಿಯುತ್ತದೆ, ಒತ್ತಡ ನಷ್ಟವೂ ಇಳಿಯುತ್ತದೆ. ಒಣ ಗ್ಯಾಸಿಗೆ ಅದು ನಿಜ. ಗ್ಯಾಸಿನ ಜೊತೆ ಒಂದಿಷ್ಟು ನೀರು ಸೇರಿತೋ, ಕತೆಯೇ ಬೇರೆ. ಆ ವಾರ ದಿನಾ ರಾತ್ರಿ ಫೋನಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಎಕ್ಸೆಲ್ ಹಾಳೆ, ಒಂದು ಭಾನುವಾರ ಸಾಕು.

ಮೊದಲು ಬಾಲ್ಕನಿಗೆ ಹೋಗಿ

ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಗೊತ್ತಲ್ಲ? ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಮೀಟರ್ ತನ್ನಿ. ಬಾಲ್ಕನಿಯ ಸರಳಿಗೆ ಕಟ್ಟಿ ನಡುವೆ ಜೋಲುಬಿಡಿ. ತಗ್ಗಿನಲ್ಲಿ ಒಂದು ಗೇಣಿನಷ್ಟು ನೀರು ಹಾಕಿ. ಒಂದು ತುದಿಯಿಂದ ಬಾಯಲ್ಲಿ ಊದಿ.

ಮೆಲ್ಲಗೆ ಊದಿದರೆ ಗುಳುಗುಳು ಅನ್ನುತ್ತ ಗಾಳಿ ನೀರಿನ ನಡುವೆ ನುಸುಳಿ ಹೋಗುತ್ತದೆ. ನೀರು ಕೂತಲ್ಲೇ ಕೂತಿರುತ್ತದೆ. ಸ್ವಲ್ಪ ಜೋರಾಗಿ ಊದಿ. ನೀರು ಏರಿನಲ್ಲಿ ಒಂದು ಮೊಳ ಹತ್ತುತ್ತದೆ, ಮತ್ತೆ ಜಾರಿ ಬೀಳುತ್ತದೆ. ಹತ್ತುತ್ತದೆ, ಜಾರುತ್ತದೆ. ಕೆನ್ನೆ ನೋಯುವುದು ಈ ಹಂತದಲ್ಲೇ. ಇನ್ನೂ ಜೋರಾಗಿ ಊದಿದರೆ ಅಷ್ಟೂ ನೀರು ಒಂದೇ ಏಟಿಗೆ ಆಚೆ ತುದಿಯಿಂದ ಹಾರುತ್ತದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ಒಣಹಾಕಿದ್ದ ಬೆಡ್‌ಶೀಟಿನ ಮೇಲೆ ಹಾರಿತು. ಆಮೇಲಿನ ಮಾತುಕತೆ ಈ ಲೇಖನಕ್ಕೆ ಬೇಡ.

ನೀರು ಹಾರಿಹೋದ ಮೇಲೆ ಊದುವುದು ಎಷ್ಟು ಹಗುರ ಅನ್ನುವುದನ್ನು ಗಮನಿಸಿ. ಅಳಿಯನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮೆಲ್ಲಗೆ ಊದಿದರೆ ನೀರು ಉಳಿಯುತ್ತದೆ, ಉಳಿದ ನೀರು ಎದುರು ನಿಲ್ಲುತ್ತದೆ. ನಮ್ಮ ಮಾಡೆಲ್ ಹೇಳಬೇಕಾದ ಮುಖ್ಯ ಸಂಗತಿಯೂ ಇದೇ: ಎಷ್ಟು ಗ್ಯಾಸ್ ಹರಿದರೆ ನೀರು ಜಾಗ ಬಿಡುತ್ತದೆ? ಒತ್ತಡದ ಲೆಕ್ಕ ಅದರ ಹಿಂದೆ ಬರುತ್ತದೆ.

ನೀರು ಎಲ್ಲಿಂದ, ಎಷ್ಟು

ಸಮುದ್ರದಡಿಯ ಬಾವಿಗಳಿಂದ ಬರುವ ಗ್ಯಾಸು ನೀರಿನ ಆವಿಯನ್ನು ಹೊತ್ತೇ ಬರುತ್ತದೆ. ಮುಂಬೈ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. ತೀರದಿಂದ ಅದು ಸುಮಾರು 160 ಕಿಲೋಮೀಟರ್ ಆಚೆ. ಅಲ್ಲಿಂದ ಗ್ಯಾಸು ಮುಂಬೈ ಹತ್ತಿರದ ಉರಣ್‌ಗೆ ಬರುವುದು ಸಮುದ್ರದ ತಳದ ಪೈಪಿನಲ್ಲಿ. ಇಂಥ ಕಡೆ ಗ್ಯಾಸನ್ನು ಗ್ಲೈಕಾಲ್‌ನಲ್ಲಿ ತೊಳೆದು ಒಣಗಿಸುತ್ತಾರೆ. ಮಾರಾಟದ ಗ್ಯಾಸಿನಲ್ಲಿ ಘನ ಮೀಟರಿಗೆ 112 ಮಿಲಿಗ್ರಾಂಗಿಂತ ಹೆಚ್ಚು ನೀರು ಇರಬಾರದು ಅನ್ನುವುದು ಅಮೆರಿಕದಿಂದ ಬಂದ ಹಳೆಯ ರೂಢಿ. ಅವರ ಲೆಕ್ಕದಲ್ಲಿ ಅದು ಹತ್ತು ಲಕ್ಷ ಘನ ಅಡಿಗೆ 7 ಪೌಂಡ್.

ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ತಲುಪಿದ ಪೈಪ್‌ಲೈನ್ ಇದೆಯಲ್ಲ, ಅದರಂಥ ಲೈನಿಗೆ ಎಲ್‌ಎನ್‌ಜಿ, ಅಂದರೆ ತಣ್ಣಗೆ ಮಾಡಿ ದ್ರವವಾಗಿಸಿದ ಗ್ಯಾಸನ್ನು, ಕಾಯಿಸಿ ಬಿಟ್ಟರೆ ಆ ಗ್ಯಾಸಿನಲ್ಲಿ ನೀರು ಇಲ್ಲವೇ ಇಲ್ಲ ಎನ್ನಬಹುದು. ಮೈನಸ್ 160 ಡಿಗ್ರಿಗೆ ಇಳಿಸುವ ಮೊದಲೇ ಒಣಗಿಸಿರುತ್ತಾರೆ. ಹಾಗಿದ್ದರೂ ಅಂಥ ಲೈನಿನಲ್ಲಿ ನೀರು ಸಿಗುವುದುಂಟು. ಹೊಸ ಪೈಪನ್ನು ನೀರು ತುಂಬಿಸಿ ಹೈಡ್ರೋಟೆಸ್ಟ್ ಮಾಡುತ್ತಾರೆ, ಅಂದರೆ ಒತ್ತಡ ಏರಿಸಿ ಪೈಪು ತಡೆಯುತ್ತದೋ ನೋಡುತ್ತಾರೆ. ಆ ನೀರು ಪೂರ್ತಿ ಹೊರಗೆ ಬರದಿದ್ದರೆ ಮುಂದೆ ಕಾಡುತ್ತದೆ.

ನಾವು ಒಂದು ಕಲ್ಪನೆಯ ಲೈನ್ ತೆಗೆದುಕೊಳ್ಳೋಣ. ಒಣಗಿಸುವ ಘಟಕ ಕೆಟ್ಟು ನಿಂತಿದೆ, ಹಸಿ ಗ್ಯಾಸೇ ಹೋಗುತ್ತಿದೆ ಅಂದುಕೊಳ್ಳಿ. ಪೈಪು 12 ಇಂಚಿನದು, ಒಳವ್ಯಾಸ 0.303 ಮೀಟರ್. ಒತ್ತಡ 50 ಬಾರ್, ಹೊರಗಿನ ಗಾಳಿಯ ಒತ್ತಡದ ಸುಮಾರು 50 ಪಟ್ಟು. ದಿನಕ್ಕೆ 10 ಲಕ್ಷ ಸ್ಟ್ಯಾಂಡರ್ಡ್ ಘನ ಮೀಟರ್ (ಹೊರಗಿನ ಗಾಳಿಯ ಒತ್ತಡ, 15 ಡಿಗ್ರಿಯಲ್ಲಿ ಅಳೆದದ್ದು) ಗ್ಯಾಸು. ಕಂಪ್ರೆಸರ್ ದಾಟಿ ಬರುವಾಗ 45 ಡಿಗ್ರಿ ಬಿಸಿ. ಕೊಂಕಣದ ಮಣ್ಣಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ 28ರ ಹತ್ತಿರಕ್ಕೆ ತಣ್ಣಗಾಗುತ್ತದೆ.

ಒಂದು ಸ್ಟ್ಯಾಂಡರ್ಡ್ ಘನ ಮೀಟರ್ ಗ್ಯಾಸು ಹೊರಬಲ್ಲ ನೀರು, ಗ್ರಾಂಗಳಲ್ಲಿ:

761 × ನೀರಿನ ಆವಿ ಒತ್ತಡ ÷ ಗ್ಯಾಸಿನ ಒತ್ತಡ

ಎರಡೂ ಬಾರ್‌ನಲ್ಲಿರಲಿ. 45 ಡಿಗ್ರಿಯಲ್ಲಿ ಆವಿ ಒತ್ತಡ 0.0958 ಬಾರ್. ಹಾಗಾಗಿ 1.46 ಗ್ರಾಂ. 28 ಡಿಗ್ರಿಯಲ್ಲಿ 0.0378 ಬಾರ್, 0.58 ಗ್ರಾಂ. ಮಧ್ಯದ 0.88 ಗ್ರಾಂ ಪೈಪಿನೊಳಗೆ ಹನಿಯಾಗಿ ಬೀಳುತ್ತದೆ. 10 ಲಕ್ಷ ಘನ ಮೀಟರಿಗೆ ಗುಣಿಸಿದರೆ ದಿನಕ್ಕೆ ಸುಮಾರು 900 ಲೀಟರ್. ಟೆರೇಸಿನ ಮೇಲಿನ ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿಗಿಂತ ಚೂರು ಕಡಿಮೆ.

ಇದು ಆದರ್ಶ ಅನಿಲದ ಲೆಕ್ಕ. 50 ಬಾರ್‌ನಲ್ಲಿ ನಿಜವಾದ ನೀರು ಇದಕ್ಕಿಂತ ಸ್ವಲ್ಪ ಜಾಸ್ತಿಯೇ. ಸರಿಯಾದ ಸಂಖ್ಯೆ ಬೇಕಿದ್ದರೆ ಮೆಕೆಟ್ಟಾ ಮತ್ತು ವೇಹೆ 1958ರಲ್ಲಿ ಕೊಟ್ಟ ಚಾರ್ಟ್ ನೋಡಿ, ಇಂದಿಗೂ ಎಲ್ಲರೂ ಅದನ್ನೇ ನೋಡುತ್ತಾರೆ.

ಪೈಪಿನ ಏರಿಳಿತ: ಅರ್ಧ ಕೆಲಸ ಇಲ್ಲೇ

ಇದರ ಮೇಲೆ ಹೆಚ್ಚು ಹೊತ್ತು ಖರ್ಚು ಮಾಡಿ. ಎಷ್ಟು ದೊಡ್ಡ ಸಾಫ್ಟ್‌ವೇರ್ ಇದ್ದರೂ ಏರಿಳಿತ ತಪ್ಪು ಕೊಟ್ಟರೆ ಉತ್ತರ ತಪ್ಪೇ.

ಅಳಿಯ ಮಾಡಿದ ಮೊದಲ ತಪ್ಪು ಇಲ್ಲೇ ಇತ್ತು. ಉಪಗ್ರಹ ನಕ್ಷೆಯಿಂದ ಎತ್ತರಗಳನ್ನು ತೆಗೆದು ಹಾಕಿದ್ದ. ಅಮೆರಿಕದ ಬಾಹ್ಯಾಕಾಶ ನೌಕೆ 2000ನೇ ಇಸವಿಯಲ್ಲಿ ಅಳೆದ ಆ ಎತ್ತರಗಳು ಹೆಚ್ಚೆಂದರೆ 30 ಮೀಟರಿಗೊಂದು ಚುಕ್ಕಿಯಂತೆ ಸಿಗುತ್ತವೆ. ಹತ್ತು ಮೀಟರ್ ಅಗಲದ ನಾಲೆ ಅದರಲ್ಲಿ ಮಾಯ. ಇನ್ನೂ ಮುಖ್ಯ ಅಂದರೆ, ನಕ್ಷೆ ತೋರಿಸುವುದು ನೆಲದ ಮುಖವನ್ನು, ಪೈಪಿನ ಹೊಟ್ಟೆಯನ್ನಲ್ಲ. ಉಲ್ಹಾಸ್ ನದಿಯಂಥ ಕಡೆ ಪೈಪು ನದಿಯ ಮೇಲೆ ಹೋಗುವುದಿಲ್ಲ. ಎಚ್‌ಡಿಡಿ ಮಾಡಿ, ಅಂದರೆ ಅಡ್ಡಕ್ಕೆ ಕೊರೆದು, ತಳದಿಂದ ಹಲವು ಮೀಟರ್ ಕೆಳಗೆ ಎಳೆಯುತ್ತಾರೆ. ನಕ್ಷೆಯಲ್ಲಿ ಅಲ್ಲಿ ಸಪಾಟು ನೀರು ಕಾಣುತ್ತದೆ. ನಿಜದಲ್ಲಿ ಪೈಪು ಎಂಟು ಹತ್ತು ಡಿಗ್ರಿ ಕೋನದಲ್ಲಿ ಕೆಳಗಿಳಿದು, ಆಚೆ ದಡದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಡಿದಾಗಿ ಮೇಲೇಳುತ್ತದೆ. ನಿಮ್ಮ ಬಾಲ್ಕನಿಯ ಜೋಲು ಪೈಪೇ!

ಹಾಗಾಗಿ ಪೈಪು ಹಾಕಿದವರ ಅಲೈನ್‌ಮೆಂಟ್ ಶೀಟ್, ಅಂದರೆ ಪೈಪು ಎಲ್ಲಿ, ಎಷ್ಟು ಆಳದಲ್ಲಿದೆ ಅಂತ ತೋರಿಸುವ ನಕ್ಷೆ, ಕೇಳಿ. "ಆಸ್ ಬಿಲ್ಟ್" (ನಿಜವಾಗಿ ಹಾಕಿದ ಹಾಗೆ) ಅಂತ ಮೇಲೆ ಬರೆದಿರಬೇಕು. ಡಿಸೈನ್ ಡ್ರಾಯಿಂಗ್ ಕೊಟ್ಟರೆ ಸುಮ್ನೆ ಒಪ್ಪಿಕೊಳ್ಳಬೇಡಿ.

ನಮ್ಮ ಕಲ್ಪನೆಯ ಲೈನ್ ಹೀಗಿರಲಿ: ಮೊದಲ 12 ಕಿಲೋಮೀಟರ್ ಕೊಂಕಣದ ಸಪಾಟು ನೆಲ, ಆಮೇಲೆ 4 ಕಿಲೋಮೀಟರಿನಲ್ಲಿ 500 ಮೀಟರ್ ಘಟ್ಟ ಹತ್ತುತ್ತದೆ, ಕೊನೆಯ 4 ಕಿಲೋಮೀಟರ್ ಮೇಲಿನ ಬಯಲು. ಖೋಪೋಲಿಯಿಂದ ಲೋಣಾವಳದ ಕಡೆ ಹತ್ತಿದಂತೆ. ಎಕ್ಸೆಲ್‌ನಲ್ಲಿ 100 ಮೀಟರಿಗೆ ಒಂದು ಸಾಲು, ಒಟ್ಟು 200 ಸಾಲು. ಮೊದಲ ಕಾಲಂ ದೂರ, ಎರಡನೆಯದು ಎತ್ತರ. ಮೂರನೆಯದರಲ್ಲಿ ಇಳಿಜಾರು: ಎತ್ತರದ ವ್ಯತ್ಯಾಸವನ್ನು 100ರಿಂದ ಭಾಗಿಸಿ. ಘಟ್ಟದಲ್ಲಿ ಅದು 0.125 ಬರುತ್ತದೆ, ಸುಮಾರು 7 ಡಿಗ್ರಿ. ನಾಲೆ, ಎಚ್‌ಡಿಡಿ ಇರುವ ಕಡೆ 10 ಮೀಟರಿಗೊಂದು ಸಾಲು ಮಾಡಿ.

ಒಣ ಗ್ಯಾಸಿನ ಲೆಕ್ಕ

ಇದು ಬೇಗ ಮುಗಿಯುತ್ತದೆ.

ಗ್ಯಾಸಿನ ಅಣುತೂಕ 18, ಸಂಕೋಚನಾಂಕ (ಆದರ್ಶ ಅನಿಲಕ್ಕಿಂತ ಎಷ್ಟು ಬೇರೆ ಅನ್ನುವ ಅಂಕಿ) 0.89 ಇಟ್ಟುಕೊಂಡರೆ 50 ಬಾರ್, 30 ಡಿಗ್ರಿಯಲ್ಲಿ ಸಾಂದ್ರತೆ ಘನ ಮೀಟರಿಗೆ 40 ಕೆಜಿ. ಮನೆಯ ಒಲೆಗೆ ಬರುವ ಗ್ಯಾಸು ಘನ ಮೀಟರಿಗೆ ಒಂದು ಕೆಜಿಯೂ ತೂಗುವುದಿಲ್ಲ, ನೆನಪಿರಲಿ. ದಿನಕ್ಕೆ 10 ಲಕ್ಷ ಘನ ಮೀಟರ್ ಅಂದರೆ ಸೆಕೆಂಡಿಗೆ 8.8 ಕೆಜಿ. ವೇಗ ಸೆಕೆಂಡಿಗೆ 3 ಮೀಟರ್ ಚಿಲ್ಲರೆ. ಚುರುಕಾಗಿ ಓಡುವವನ ವೇಗ.

ಘರ್ಷಣಾಂಕಕ್ಕೆ ಸ್ವಾಮಿ-ಜೈನ್ ಸೂತ್ರ ಬಳಸಿ. ರೂರ್ಕಿಯ ಇಬ್ಬರು 1976ರಲ್ಲಿ ಕೊಟ್ಟದ್ದು. ಮತ್ತೆ ಮತ್ತೆ ಗುಣಿಸಿ ಹುಡುಕುವ ಕಷ್ಟ ಇಲ್ಲ, ಒಂದೇ ಸೆಲ್‌ನಲ್ಲಿ ಉತ್ತರ:

ಘರ್ಷಣಾಂಕ = 0.25 ÷ [ಲಾಗ್ (ಒರಟುತನ ÷ (3.7 × ಒಳವ್ಯಾಸ) + 5.74 ÷ ರೆನಾಲ್ಡ್ಸ್ ಸಂಖ್ಯೆಯ 0.9ನೇ ಘಾತ)] ವರ್ಗ

ಲಾಗ್ ಅಂದರೆ ಹತ್ತರ ಆಧಾರದ್ದು. ಉಕ್ಕಿನ ಒರಟುತನ 0.045 ಮಿಲಿಮೀಟರ್, ರೆನಾಲ್ಡ್ಸ್ ಸಂಖ್ಯೆ (ಸಾಂದ್ರತೆ × ವೇಗ × ಒಳವ್ಯಾಸ ÷ ಗ್ಯಾಸಿನ ಸ್ನಿಗ್ಧತೆ) ಸುಮಾರು 31 ಲಕ್ಷ. ಉತ್ತರ 0.0134. ಆಮೇಲೆ ಮೀಟರಿಗೆ ಎಷ್ಟು ಪಾಸ್ಕಲ್ ನಷ್ಟ ಅನ್ನುವುದು:

ಘರ್ಷಣಾಂಕ × ಸಾಂದ್ರತೆ × ವೇಗದ ವರ್ಗ ÷ (2 × ಒಳವ್ಯಾಸ)

8 ಪಾಸ್ಕಲ್‌ಗಿಂತ ಸ್ವಲ್ಪ ಹೆಚ್ಚು. 20 ಕಿಲೋಮೀಟರಿಗೆ 1.65 ಬಾರ್. ಇದರ ಮೇಲೆ ಗ್ಯಾಸಿನ ಸ್ವಂತ ತೂಕ ಸೇರಿಸಿ: 40 × 9.81 × 500, ಅಂದರೆ ಸುಮಾರು 2 ಬಾರ್. ನೋಡಿ, 20 ಕಿಲೋಮೀಟರಿನ ಘರ್ಷಣೆಗಿಂತ 500 ಮೀಟರ್ ಘಟ್ಟವೇ ಭಾರ. ಒಟ್ಟು 3.6 ಬಾರ್. ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಒತ್ತಡದಿಂದ ಸಾಂದ್ರತೆ, ವೇಗ ಎರಡನ್ನೂ ಹೊಸದಾಗಿ ಲೆಕ್ಕ ಹಾಕಿ. ಒತ್ತಡ ಇಳಿದಂತೆ ಗ್ಯಾಸು ಹಿಗ್ಗುತ್ತದೆ, ವೇಗ ಏರುತ್ತದೆ. ಈ ಉದಾಹರಣೆಯಲ್ಲಿ ವ್ಯತ್ಯಾಸ ಸಣ್ಣದು, ಉದ್ದದ ಲೈನಿನಲ್ಲಿ ಸಣ್ಣದಲ್ಲ.

ಈಗ ನೀರು: ಎಲ್ಲರೂ ಜಾರುವ ಜಾಗ

ಹೊಸಬರು ಮಾಡುವ ಲೆಕ್ಕ ಹೀಗಿರುತ್ತದೆ. ದಿನಕ್ಕೆ 900 ಲೀಟರ್ ನೀರು. ಅದೇ ಹೊತ್ತಿಗೆ ಪೈಪಿನಲ್ಲಿ ಸಾಗುವ ಗ್ಯಾಸು, 50 ಬಾರ್‌ನಲ್ಲಿ, ಸುಮಾರು 19 ಸಾವಿರ ಘನ ಮೀಟರ್. ನೀರಿನ ಪಾಲು ಲಕ್ಷಕ್ಕೆ ಐದು. ನೀರು ಮತ್ತು ಗ್ಯಾಸು ಒಂದೇ ವೇಗದಲ್ಲಿ ಹೋಗುತ್ತವೆ ಅಂದುಕೊಂಡರೆ 20 ಕಿಲೋಮೀಟರ್ ಪೈಪಿನಲ್ಲಿ ಯಾವ ಹೊತ್ತಿಗೂ 70 ಲೀಟರ್‌ನಷ್ಟೇ ನೀರು. ಒಂದು ಬ್ಯಾರಲ್ಲೂ ತುಂಬದು. "ಬಿಡು ಮಾಮಾ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೋಬೇಕು?" ಅಂದ ಅಳಿಯ.

ಒಂದೇ ವೇಗದಲ್ಲಿ ಹೋದರೆ ತಾನೇ? ನೀರು ಗ್ಯಾಸಿಗಿಂತ 25 ಪಟ್ಟು ಭಾರ. ಸಪಾಟು ಜಾಗದಲ್ಲಿ ತಳ ಹಿಡಿದು ತೆವಳುತ್ತದೆ. ಇಳಿಜಾರಿನಲ್ಲಿ ತಾನೇ ಓಡುತ್ತದೆ. ಏರಿನಲ್ಲಿ ಗ್ಯಾಸು ತಳ್ಳಬೇಕು, ಭೂಮಿ ಹಿಂದಕ್ಕೆ ಎಳೆಯುತ್ತದೆ. ಮುಂಬೈಯಿಂದ ಬೆಂಗಳೂರು, ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಹೋದವರಿಗೆ ಗೊತ್ತು, ಕರ್ಜತ್‌ನಲ್ಲಿ ಗಾಡಿಯ ಹಿಂದೆ ಬ್ಯಾಂಕರ್ ಇಂಜಿನ್ ಕಟ್ಟುತ್ತಾರೆ. ಬೋರ್ ಘಾಟ್‌ನ ಏರು 37ಕ್ಕೆ 1. ಅಷ್ಟು ಹತ್ತಿಸಲು ಹಿಂದಿನಿಂದ ತಳ್ಳುವವರು ಬೇಕು. ಪೈಪಿನಲ್ಲಿ ಆ ಬ್ಯಾಂಕರ್ ಕೆಲಸ ಗ್ಯಾಸಿನದು. ಅದು ಎಷ್ಟು ಕಡಿದಾದ ಏರಿನವರೆಗೆ ನೀರನ್ನು ತಳ್ಳಬಲ್ಲದು ಅನ್ನುವುದೇ ಪ್ರಶ್ನೆ.

ಇದಕ್ಕೆ ಕೈಗೆಟಕುವ ಒಂದು ಸೂತ್ರ ಇದೆ. ತುಕ್ಕಿನ ವಿಷಯ ನೋಡಿಕೊಳ್ಳುತ್ತಿದ್ದ ನೇಸ್ (NACE) ಸಂಸ್ಥೆ 2006ರಲ್ಲಿ ಒಣ ಗ್ಯಾಸ್ ಪೈಪುಗಳ ಒಳತುಕ್ಕು ಹುಡುಕಲು ಹೊರಡಿಸಿದ ಎಸ್‌ಪಿ0206 ಮಾನದಂಡದಲ್ಲಿದೆ. ತುಕ್ಕು ಹಿಡಿಯುವುದು ನೀರು ಕೂತಲ್ಲಿ ತಾನೇ. ಹಾಗಾಗಿ ಅವರಿಗೂ ಬೇಕಾದದ್ದು ನಮ್ಮ ಪ್ರಶ್ನೆಯ ಉತ್ತರವೇ. ಮೂರು ಮೆಟ್ಟಿಲು:

ಮೊದಲು ಗ್ಯಾಸಿನ ಸಾಂದ್ರತೆಯನ್ನು, ನೀರು ಮತ್ತು ಗ್ಯಾಸಿನ ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿ. 40 ÷ 960.
ಅದನ್ನು ವೇಗದ ವರ್ಗದಿಂದ ಗುಣಿಸಿ, 9.81 × ಒಳವ್ಯಾಸದಿಂದ ಭಾಗಿಸಿ. 0.13 ಬರುತ್ತದೆ.
ಅದನ್ನು 0.675ರಿಂದ ಗುಣಿಸಿ, 1.091ನೇ ಘಾತಕ್ಕೆ ಏರಿಸಿ. 0.07.

ಈ 0.07 ಅನ್ನುವುದು ಕೋನದ ಸೈನ್. ಅಂದರೆ 4 ಡಿಗ್ರಿ. ಸೆಕೆಂಡಿಗೆ 3 ಮೀಟರ್ ವೇಗದ ನಮ್ಮ ಗ್ಯಾಸು 4 ಡಿಗ್ರಿ ಏರಿನವರೆಗೆ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಅದಕ್ಕಿಂತ ಕಡಿದಾದರೆ ನೀರು ನಿಲ್ಲುತ್ತದೆ. ರೈಲಿನ 37ಕ್ಕೆ 1 ಏರು ಇದಕ್ಕೆ ಲೆಕ್ಕಕ್ಕಿಲ್ಲ, ಅದು ಒಂದೂವರೆ ಡಿಗ್ರಿ ಅಷ್ಟೇ. ಆದರೆ ಪೈಪು ರೈಲಿನ ಹಾಗೆ ಸುತ್ತಿ ಬಳಸಿ ಹತ್ತುವುದಿಲ್ಲ. ನೇರ ಹತ್ತುತ್ತದೆ. ನಮ್ಮ ಘಟ್ಟ 7 ಡಿಗ್ರಿ. ನೀರು ಅದರ ಬುಡದಲ್ಲೇ ಕೂತಿತು. ಎಚ್‌ಡಿಡಿಯ ಆಚೆ ದಡದಲ್ಲೂ ಅಷ್ಟೇ.

ನಾಲ್ಕನೇ ಕಾಲಂನಲ್ಲಿ ಈ 0.07ನ್ನು ಸಾಲು ಸಾಲಿಗೂ ಲೆಕ್ಕ ಹಾಕಿ. ಮೂರನೇ ಕಾಲಂನ ಇಳಿಜಾರು ಅದಕ್ಕಿಂತ ದೊಡ್ಡದಿದ್ದರೆ ಸೆಲ್ ಕೆಂಪಾಗಲಿ. ಈಗ ಗ್ಯಾಸಿನ ಪ್ರಮಾಣ ಬದಲಿಸುತ್ತ ಹೋಗಿ. 5 ಲಕ್ಷಕ್ಕೆ ಇಳಿಸಿದರೆ ಮಿತಿ ಒಂದು ಡಿಗ್ರಿಗಿಂತ ಕೆಳಗೆ ಬರುತ್ತದೆ. ಕೊಂಕಣದ ಸಪಾಟು ಅಂದುಕೊಂಡ ಜಾಗದಲ್ಲೂ ಸಣ್ಣ ಪುಟ್ಟ ದಿಬ್ಬಗಳ ಹಿಂದೆ ಕೆಂಪು ಕಾಣಿಸತೊಡಗುತ್ತದೆ. 13 ಲಕ್ಷಕ್ಕೆ ಏರಿಸಿ, ಘಟ್ಟದ ಕೆಂಪು ಅಳಿಸಿಹೋಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಈ ಲೈನಿನ ಬಗ್ಗೆ ನೀವು ತಿಳಿಯಬೇಕಾದ ಅತಿ ಮುಖ್ಯ ಸಂಖ್ಯೆ ಅದು.

ಒಂದು ಮಿತಿ ಹೇಳಿಬಿಡುತ್ತೇನೆ. ಆ ಸೂತ್ರ ಸುಮಾರು 34ರಿಂದ 76 ಬಾರ್ ಒತ್ತಡಕ್ಕೆ, 4 ಇಂಚಿನಿಂದ 48 ಇಂಚಿನ ಪೈಪಿಗೆ, ತೀರಾ ಕಡಿಮೆ ನೀರಿಗೆ ಮಾಡಿದ್ದು. ಬಾವಿಯಿಂದ ನೇರ ಬರುವ ನೀರು ತುಂಬಿದ ಲೈನಿಗೆ ಹಾಕಬೇಡಿ.

ಕೂತ ನೀರಿನ ಭಾರ

ಕೆಂಪು ಸಾಲುಗಳಲ್ಲಿ ಪೈಪಿನ ಎಷ್ಟು ಭಾಗ ನೀರು? ಈ ಪಾಲಿಗೆ ಹೋಲ್ಡಪ್ ಅನ್ನುತ್ತಾರೆ. ನಮ್ಮ ಲೆಕ್ಕಕ್ಕೆ ಘಟ್ಟದ ಉದ್ದಕ್ಕೂ 10 ಪ್ರತಿಶತ ಅಂತ ಇಟ್ಟುಕೊಳ್ಳೋಣ. ಇದು ನನ್ನ ಊಹೆ, ಹೆಚ್ಚುಕಡಿಮೆ ಮಾಡಿ ನೋಡಿ. ಆಗ ಅಲ್ಲಿನ ಸರಾಸರಿ ಸಾಂದ್ರತೆ:

0.1 × 1000 + 0.9 × 40 = 136

500 ಮೀಟರ್ ಏರಿಗೆ 6.7 ಬಾರ್. ಒಣ ಗ್ಯಾಸಿನಲ್ಲಿ ಅದು 2 ಬಾರ್ ಇತ್ತು. ಘರ್ಷಣೆ ಸೇರಿ ಒಟ್ಟು 8.3 ಬಾರ್. 13 ಲಕ್ಷ ಹರಿಸಿದರೆ? ಘರ್ಷಣೆ 2.8 ಬಾರ್‌ಗೆ ಏರುತ್ತದೆ, ನೀರು ನಿಲ್ಲುವುದಿಲ್ಲವಾದ್ದರಿಂದ ಘಟ್ಟದ ಭಾರ 2 ಬಾರ್ ಮಾತ್ರ. ಒಟ್ಟು 4.8. ಜಾಸ್ತಿ ಗ್ಯಾಸು, ಕಡಿಮೆ ನಷ್ಟ. ಸಾಫ್ಟ್‌ವೇರ್ ಕೆಟ್ಟಿರಲಿಲ್ಲ, ಅಲ್ವಾ?

ಏರಿ ಇಳಿಯುವ ಲೈನಿನಲ್ಲಿ ಇನ್ನೊಂದು ಮೋಸ ಇದೆ. 100 ಮೀಟರ್ ಏರಿ 100 ಮೀಟರ್ ಇಳಿದರೆ ಲೆಕ್ಕ ಸರಿಹೋಯಿತು ಅಂತ ಮನಸ್ಸು ಹೇಳುತ್ತದೆ. ಏರಿನಲ್ಲಿ ಪೈಪು ನೀರು ಹಿಡಿದಿರುತ್ತದೆ, ಭಾರ. ಇಳಿಜಾರಿನಲ್ಲಿ ನೀರು ತೆಳ್ಳಗೆ ತಳ ಹಿಡಿದು ಓಡಿಹೋಗುತ್ತದೆ, ಅಲ್ಲಿ ಗ್ಯಾಸಿನ ತೂಕ ಮಾತ್ರ ವಾಪಸ್ ಸಿಗುತ್ತದೆ. ಹಾಗಾಗಿ ನೀರಿನ ಭಾರವನ್ನು ಏರುವ ಸಾಲುಗಳಿಗೆ ಮಾತ್ರ ಹಾಕಿ. ಇಳಿಯುವ ಸಾಲುಗಳಿಗೆ ಒಣ ಗ್ಯಾಸಿನ ಸಾಂದ್ರತೆ ಸಾಕು.

10 ಪ್ರತಿಶತದ ಬದಲು ಸೂತ್ರದಿಂದಲೇ ಹೋಲ್ಡಪ್ ತೆಗೆಯಬೇಕೆಂದರೆ ಎಲ್ಲರ ಕೈ ಮೊದಲು ಹೋಗುವುದು ಬೆಗ್ಸ್-ಬ್ರಿಲ್ ವಿಧಾನಕ್ಕೆ. 1973ರದ್ದು. ಅಮೆರಿಕದ ಟಲ್ಸಾದಲ್ಲಿ 90 ಅಡಿ ಉದ್ದದ ಪಾರದರ್ಶಕ ಪೈಪುಗಳನ್ನು ಬೇರೆ ಬೇರೆ ಕೋನಕ್ಕೆ ಓರೆ ಮಾಡಿ, ಗಾಳಿ ನೀರು ಹರಿಸಿ ಮಾಡಿದ ಕೆಲಸ. ಒಳ್ಳೆಯ ಕೆಲಸವೇ. ಆದರೆ ಅವರ ಪೈಪು ಒಂದು, ಒಂದೂವರೆ ಇಂಚಿನದು. ನಮ್ಮ ಬಾಲ್ಕನಿ ಪೈಪಿನ ಅಣ್ಣ ಅನ್ನಿ. 12 ಇಂಚು, 50 ಬಾರ್, ಲಕ್ಷಕ್ಕೆ ಐದು ಪಾಲು ನೀರು ಇರುವ ಲೈನಿಗೆ ಅದರ ಉತ್ತರವನ್ನು ನಾನು ನಂಬುವುದಿಲ್ಲ. ಟೈಟಲ್ ಮತ್ತು ಡಕ್ಲರ್ 1976ರಲ್ಲಿ ತಳದ ನೀರು, ಮೇಲಿನ ಗ್ಯಾಸು ಎರಡರ ಬಲಗಳನ್ನೂ ತೂಗಿ ನೋಡುವ ದಾರಿ ತೋರಿಸಿದರು. ಗಣಿತ ಇಷ್ಟವಿದ್ದವರು ಅದನ್ನು ಹಿಡಿಯಿರಿ, ದೊಡ್ಡ ಪೈಪಿಗೂ ಅದು ಒಗ್ಗುತ್ತದೆ.

ದಿನಗಳ ಲೆಕ್ಕ

ಸ್ಟೆಡಿ ಸ್ಟೇಟ್, ಅಂದರೆ ಎಲ್ಲ ಒಂದು ಹದಕ್ಕೆ ಬಂದು ನಿಂತಿದೆ, ಅನ್ನುವ ಮಾತು ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಘಟ್ಟದ 4 ಕಿಲೋಮೀಟರ್ ಪೈಪಿನ ಹೊಟ್ಟೆ 288 ಘನ ಮೀಟರ್. ಅದರ 10 ಪ್ರತಿಶತ ಸುಮಾರು 29 ಸಾವಿರ ಲೀಟರ್. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಬರುವ 10 ಸಾವಿರ ಲೀಟರಿನ ನೀರಿನ ಟ್ಯಾಂಕರ್ ಮೂರು. ದಿನಕ್ಕೆ 900 ಲೀಟರಿನಂತೆ ತುಂಬಲು 32 ದಿನ ಬೇಕು. ಅಂದರೆ ಇವತ್ತು ಲೆಕ್ಕ ಹಾಕಿದ 8.3 ಬಾರ್ ಕಾಣುವುದು ಮುಂದಿನ ತಿಂಗಳು. ನಡುವೆ ದಿನಕ್ಕೆ 0.15 ಬಾರ್‌ನಂತೆ ನಷ್ಟ ಮೆಲ್ಲಗೆ ಏರುತ್ತಿರುತ್ತದೆ. ಇಂದು ನಿನ್ನೆ ಹೋಲಿಸಿದರೆ ಯಾರಿಗೂ ಗೊತ್ತಾಗದು. ಎರಡನೇ ಹಾಳೆಯಲ್ಲಿ ದಿನಕ್ಕೊಂದು ಸಾಲು ಮಾಡಿ, ಕೂತ ನೀರು, ಅದರ ಹೋಲ್ಡಪ್, ಒಟ್ಟು ನಷ್ಟ ಬರೆಯಿರಿ. ಪಕ್ಕದಲ್ಲಿ ಕಂಟ್ರೋಲ್ ರೂಮಿನ ಲಾಗ್‌ಬುಕ್ ಇಟ್ಟು ನೋಡಿ. ಎರಡೂ ಗೆರೆ ಒಂದೇ ಓರೆಯಲ್ಲಿ ಹೋದರೆ ನಿಮ್ಮ ಮಾಡೆಲ್ ಬದುಕಿದೆ.

ಆಮೇಲೆ ಯಾರೋ ಒಂದು ದಿನ ಗ್ಯಾಸನ್ನು 10ರಿಂದ 14 ಲಕ್ಷಕ್ಕೆ ಏರಿಸುತ್ತಾರೆ. ಇಲ್ಲವೇ ಪೈಪಿನೊಳಗೆ ಪಿಗ್, ಅಂದರೆ ಒಳಗಿದ್ದದ್ದನ್ನೆಲ್ಲ ತಳ್ಳಿಕೊಂಡು ಹೋಗುವ ಬಿರಟೆಯಂಥದ್ದು, ಓಡಿಸುತ್ತಾರೆ. ಮೂರು ಟ್ಯಾಂಕರ್ ನೀರು ಒಟ್ಟಾಗಿ ಎದ್ದು ಹೊರಡುತ್ತದೆ. ಪೈಪು ತುಂಬಿದ ನೀರಿನ ಗಟ್ಟಿ ಆದರೆ ಅದರ ಉದ್ದ 400 ಮೀಟರ್. ಸೆಕೆಂಡಿಗೆ 3 ಮೀಟರಿನಂತೆ ಬಂದರೆ ಕೊನೆಯ ಸ್ಟೇಷನ್ನಿಗೆ ಎರಡು ಕಾಲು ನಿಮಿಷದಲ್ಲಿ 29 ಸಾವಿರ ಲೀಟರ್. ಅದನ್ನು ಹಿಡಿಯುವ ಪಾತ್ರೆಗೆ ಸ್ಲಗ್ ಕ್ಯಾಚರ್ ಅನ್ನುತ್ತಾರೆ. ಅದರ ಗಾತ್ರ ಸಾಲದಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಕಣದ ಒಂದು ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ದೂರದಿಂದ ಗೂಡ್ಸ್ ಗಾಡಿ ಬಂದ ಹಾಗೆ ಪೈಪು ಗುಡುಗಿತು. ಗ್ಯಾಸು, ನೀರು ಬೇರೆ ಮಾಡುವ ಸೆಪರೇಟರ್‌ನ ಲೆವೆಲ್ ಗಾಜು ಕಣ್ಣೆದುರೇ ಪೂರ್ತಿ ತುಂಬಿತು, ಕಂಪ್ರೆಸರ್ ಟ್ರಿಪ್ ಆಯಿತು. ಬೆಳಗಿನವರೆಗೆ ಚಹಾ ಕೂಡ ಇಲ್ಲ. ಯಾರೋ ಗ್ಯಾಸ್ ಏರಿಸಿದ್ದರು, ನಮಗೆ ಹೇಳಿರಲಿಲ್ಲ.

ಎರಡನೇ ಹಾಳೆಯಲ್ಲೇ ಇನ್ನೊಂದು ಕಾಲಂ ಇರಲಿ: ಇವತ್ತು ಪಿಗ್ ಓಡಿಸಿದರೆ ಎಷ್ಟು ನೀರು ಬರುತ್ತದೆ. ಸ್ಲಗ್ ಕ್ಯಾಚರ್‌ನ ಗಾತ್ರದ ಅರ್ಧ ತಲುಪುವ ಮೊದಲೇ ಪಿಗ್ ಓಡಿಸಿ. ಅರ್ಧ ಅನ್ನುವುದು ನನ್ನ ಸ್ವಂತ ಪಾಠ.

ಹೈಡ್ರೇಟ್ ಬಗ್ಗೆ ಒಂದೇ ಮಾತು. ನೀರು, ಗ್ಯಾಸು ಸೇರಿ ಹಿಮದಂತೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ ಅಂತ 1934ರಲ್ಲಿ ಹ್ಯಾಮರ್‌ಶ್ಮಿಟ್ ತೋರಿಸಿದ. ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ಆ ಭಯ ಇಲ್ಲ. ಆದರೆ ರೆಗ್ಯುಲೇಟರ್‌ನಲ್ಲಿ 50ರಿಂದ 20 ಬಾರ್‌ಗೆ ಒಮ್ಮೆಲೇ ಇಳಿಸಿದರೆ ಗ್ಯಾಸು ಇದ್ದದ್ದಕ್ಕಿಂತ ಸುಮಾರು 15 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಅಲ್ಲಿ ಹುಷಾರು.

ಮುಂಬೈ ಗಲ್ಲಿಯ ಪೈಪಿಗೂ ಇದೇ ಲೆಕ್ಕ

ಘಟ್ಟ ಬಿಟ್ಟು ಊರೊಳಗೆ ಬಂದರೆ ಸಂಖ್ಯೆಗಳು ಚಿಕ್ಕದಾಗುತ್ತವೆ, ಬುದ್ಧಿ ಅದೇ. ಅಡುಗೆಮನೆಯ ಒಲೆಗೆ ಬರುವ ಗ್ಯಾಸಿನ ಒತ್ತಡ 21 ಮಿಲಿಬಾರ್. ಅಂದರೆ ಸುಮಾರು 21 ಸೆಂಟಿಮೀಟರ್ ನೀರಿನ ಎತ್ತರ. ಒಂದು ಗೇಣು! ಎಲ್ಲೋ ತಗ್ಗಿನಲ್ಲಿ ಅಷ್ಟು ನೀರು ಅಡ್ಡ ನಿಂತರೆ ಒಲೆ ಆರುತ್ತದೆ. ಅದಕ್ಕೂ ಮೊದಲೇ ಜ್ವಾಲೆ ಕುಣಿಯತೊಡಗುತ್ತದೆ, ಬಾಲ್ಕನಿ ಪೈಪಿನ ಗುಳುಗುಳು ಇದ್ದಂತೆ.

ಇಲ್ಲಿ ನೀರು ಗ್ಯಾಸಿನಿಂದ ಬಂದದ್ದಲ್ಲ, ಹೊರಗಿನದು. ಒಂದು ಮೀಟರ್ ಆಳದಲ್ಲಿ 100 ಮಿಲಿಬಾರ್‌ನ ಪೈಪಿದೆ ಅಂದುಕೊಳ್ಳಿ. ಹಿಂದ್‌ಮಾತಾ ಕಡೆ ರಸ್ತೆಯ ಮೇಲೆ ಮೊಣಕಾಲುದ್ದ, ಅರ್ಧ ಮೀಟರ್ ನೀರು ನಿಂತಿದೆ. ಪೈಪಿನ ಹೊರಗೆ ಈಗ ಒಂದೂವರೆ ಮೀಟರ್ ನೀರಿನ ಒತ್ತಡ, ಸುಮಾರು 150 ಮಿಲಿಬಾರ್. ಒಳಗೆ 100. ಜೋಡಣೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು, ಗ್ಯಾಸು ಹೊರಗೆ ಸೋರುವ ಬದಲು ನೀರು ಒಳಗೆ ನುಗ್ಗುತ್ತದೆ. 4 ಬಾರ್‌ನ ಪೈಪಿನಲ್ಲಿ ಈ ತೊಂದರೆ ಇಲ್ಲ, ಅಷ್ಟು ಒತ್ತಡಕ್ಕೆ 40 ಮೀಟರ್ ನೀರು ನಿಲ್ಲಬೇಕು. ಹಾಗಾಗಿ ಊರಿನ ಮಾಡೆಲ್ ಮಾಡುವವರು ಒಂದು ಕಾಲಂ ಸೇರಿಸಿ: ಪೈಪಿನ ಆಳ ಮತ್ತು ಆ ರಸ್ತೆಯಲ್ಲಿ ಮಳೆನೀರು ನಿಲ್ಲುವ ಎತ್ತರ ಕೂಡಿ, ಸೆಂಟಿಮೀಟರಿನಲ್ಲಿ. ಒಳಗಿನ ಮಿಲಿಬಾರ್ ಅದಕ್ಕಿಂತ ಕಡಿಮೆ ಇದ್ದರೆ ಕೆಂಪು.

ಮಾಡೆಲ್ ಸುಳ್ಳು ಹೇಳುವ ಬಗೆ

ದೊಡ್ಡ ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳುತ್ತಿಲ್ಲ. ನಾರ್ವೆಯಲ್ಲಿ 1980ರ ದಶಕದಲ್ಲಿ ಬೆಳೆದ ಓಲ್ಗಾದಂಥವು ನೀರು ಎದ್ದು ಬರುವ ಆ ಎರಡು ನಿಮಿಷವನ್ನೂ ಲೆಕ್ಕ ಹಾಕುತ್ತವೆ. ಓಲ್ಗಾ ಬೆಳೆಸಿದವರು ಪರೀಕ್ಷೆ ಮಾಡಿದ ಪೈಪು 8 ಇಂಚಿನದು, ಒತ್ತಡವೂ ಹೆಚ್ಚು. ಸ್ಲಗ್ ಕ್ಯಾಚರ್ ಕೊಳ್ಳುವ ಮೊದಲು ಅದರಲ್ಲಿ ಓಡಿಸಿ ನೋಡಲೇಬೇಕು. ನಿಮ್ಮ ಎಕ್ಸೆಲ್ ಹಾಳೆ ಅದರ ಉತ್ತರವನ್ನು ಪ್ರಶ್ನಿಸಲು.

ನನ್ನ ಸಿಟ್ಟು ಬೇರೆ ಕಡೆ ಇದೆ. ಲೆಕ್ಕದ ಒತ್ತಡ, ಫೀಲ್ಡಿನ ಒತ್ತಡ ಹೊಂದದಿದ್ದಾಗ ಜನ ಮೊದಲು ತಿರುಗಿಸುವ ತಿರುಪು ಒರಟುತನ. 0.045 ಇದ್ದದ್ದನ್ನು 0.3 ಮಾಡುತ್ತಾರೆ, 0.8 ಮಾಡುತ್ತಾರೆ, ಗೆರೆ ಕೂಡಿಕೊಳ್ಳುತ್ತದೆ, ವರದಿ ಹೋಗುತ್ತದೆ. ಘಟ್ಟದ ಬುಡದಲ್ಲಿ ಕೂತ ಮೂರು ಟ್ಯಾಂಕರ್ ನೀರು ಆ ಒಂದು ಸೆಲ್‌ನಲ್ಲಿ ಅಡಗಿ ಕೂರುತ್ತದೆ. ಗೊತ್ತುಮಾಡಿಕೊಳ್ಳುವುದು ಸುಲಭ. ಒರಟುತನದ ನಷ್ಟ ಗ್ಯಾಸು ಇಳಿಸಿದರೆ ಇಳಿಯಬೇಕು. ಗ್ಯಾಸು ಇಳಿಸಿದಾಗ ನಷ್ಟ ಏರಿದರೆ ಅದು ಒರಟುತನ ಅಲ್ಲ, ನೀರು. ಅಳಿಯನ ಫೈಲ್ ತೆರೆದು ನೋಡಿದಾಗ ಅದರಲ್ಲಿ 0.6 ಇತ್ತು. ಅವನು ಹಾಕಿದ್ದಲ್ಲ, ಅವನಿಗಿಂತ ಮೊದಲಿದ್ದವರು ಬಿಟ್ಟುಹೋದದ್ದು.

ಪಿಗ್ ಓಡಿಸಿದ ದಿನ ಬಂದ ನೀರನ್ನು ಅಳೆಯಲು ಹೇಳಿ. ಅಂದಾಜಲ್ಲ, ಡ್ರಮ್ ಎಣಿಸಿ. ನಿಮ್ಮ ಹಾಳೆಯ ಹತ್ತು ಪ್ರತಿಶತವನ್ನು ಅದಕ್ಕೆ ತಕ್ಕಂತೆ ತಿದ್ದಿ. ಜೊತೆಗೆ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕಳಿಸಿ ಕ್ಲೋರೈಡ್ ನೋಡಿಸಿ. ಗ್ಯಾಸಿನಿಂದ ತಣ್ಣಗಾಗಿ ಬಿದ್ದ ನೀರಿನಲ್ಲಿ ಉಪ್ಪು ಇರುವುದಿಲ್ಲ, ಅದು ಮಳೆನೀರಿನಂತೆ. ಉಪ್ಪು ಇದ್ದರೆ ಬಾವಿಯ ನೀರೋ, ಸಮುದ್ರದ ನೀರೋ ಎಲ್ಲೋ ಸೇರುತ್ತಿದೆ. ಆಗ ದಿನಕ್ಕೆ 900 ಲೀಟರ್ ಅನ್ನುವ ಲೆಕ್ಕವೇ ತಪ್ಪು. ಆ ಕಾಲಂ ಅಳಿಸಿ, ನೀರು ಎಲ್ಲಿಂದ ಬಂತು ಅನ್ನುವಲ್ಲಿಂದ ಮತ್ತೆ ಶುರುಮಾಡಿ.